ಸಭೆಯ ಮುಂದೆ ಕ್ಯಾಮೆರಾ ಇಟ್ಟರೆ ಸಾಕೇ?

ಅಮೆರಿಕದಲ್ಲಿ ಕೂತು ನಾನು ಎರಡು ಬಗೆಯ ಆನ್‌ಲೈನ್ ಕಾರ್ಯಕ್ರಮ ನೋಡುತ್ತೇನೆ. ಒಂದು, ಇಲ್ಲಿನ ವಿಶ್ವವಿದ್ಯಾಲಯಗಳ ಮಾನವಿಕ (ಸಾಹಿತ್ಯ, ಇತಿಹಾಸ, ತತ್ವಶಾಸ್ತ್ರದಂಥ ವಿಷಯಗಳ) ಕೇಂದ್ರಗಳು ನಡೆಸುವ ಉಪನ್ಯಾಸ ಮತ್ತು ಲೇಖಕರ ಓದು. ಇನ್ನೊಂದು, ಕರ್ನಾಟಕದ ಕಾಲೇಜು, ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ನಡೆಸುವ ವೆಬಿನಾರ್. ವಿಷಯದ ತೂಕದಲ್ಲಿ ನಮ್ಮವರು ಏನೂ ಕಡಿಮೆ ಇಲ್ಲ. ಹಳಗನ್ನಡದ ಬಗ್ಗೆ, ವಚನಗಳ ಬಗ್ಗೆ, ಜನಪದ ಕಾವ್ಯದ ಬಗ್ಗೆ ಅಲ್ಲಿ ಮಾತಾಡುವವರ ಓದು ಇಲ್ಲಿನ ಪ್ರೊಫೆಸರುಗಳ ಓದನ್ನು ಎಷ್ಟೋ ಸಲ ಮೀರಿಸುತ್ತದೆ. ಆದರೂ ಮೊದಲನೆಯದನ್ನು ಕೊನೆತನಕ ಕೇಳುತ್ತೇನೆ, ಎರಡನೆಯದನ್ನು ಮಧ್ಯದಲ್ಲೇ ಬಿಟ್ಟು ಏಳುತ್ತೇನೆ. ಯಾಕೆ ಹೀಗೆ ಅಂತ ಯೋಚಿಸಿದಾಗ ಹೊಳೆದದ್ದು ಇಷ್ಟು: ನಮ್ಮವರು ಸಭೆಯನ್ನು ಇದ್ದಂತೆಯೇ ಎತ್ತಿ ಕ್ಯಾಮೆರಾ ಮುಂದೆ ಇಟ್ಟಿದ್ದಾರೆ. ಆ ಕಡೆ ಒಬ್ಬ ಕೇಳುಗ ಒಂಟಿಯಾಗಿ ಕೂತಿದ್ದಾನೆ ಅನ್ನುವುದು ಯಾರ ಲೆಕ್ಕದಲ್ಲೂ ಇಲ್ಲ.

ನಮ್ಮ ವೆಬಿನಾರ್ ಹೇಗೆ ನಡೆಯುತ್ತದೆ ಅಂತ ನೋಡಿದವರಿಗೆಲ್ಲ ಗೊತ್ತು. ಸಂಜೆ 6ಕ್ಕೆ ಅಂತ ಆಹ್ವಾನ ಪತ್ರಿಕೆ. ಅದರಲ್ಲಿ ಉಪನ್ಯಾಸಕರ ಫೋಟೊಕ್ಕಿಂತ ಕುಲಪತಿ, ಕುಲಸಚಿವರು, ಪ್ರಾಂಶುಪಾಲರ ಫೋಟೊಗಳೇ ದೊಡ್ಡವು. ಲಿಂಕ್ ತೆರೆದರೆ ಮೊದಲು ಕೇಳುವುದು "ನನ್ನ ಧ್ವನಿ ಕೇಳ್ತಾ ಇದೆಯಾ ಸರ್?", "ಮೇಡಂ, ನೀವು ಮ್ಯೂಟ್‌ನಲ್ಲಿದ್ದೀರಿ". ಆಮೇಲೆ ಮೊಬೈಲಿನಲ್ಲಿ ಹಾಕಿದ ಪ್ರಾರ್ಥನಾ ಗೀತೆ ಲ್ಯಾಪ್‌ಟಾಪಿನ ಮೈಕಿನ ಮೂಲಕ ಒಡೆದು ಒಡೆದು ಬರುತ್ತದೆ. ಸ್ವಾಗತ, ಪ್ರಾಸ್ತಾವಿಕ ನುಡಿ, ಉದ್ಘಾಟನೆ, ಪ್ರಾಂಶುಪಾಲರ "ಎರಡು ಮಾತು", "ಪರಿಚಯದ ಅಗತ್ಯವೇ ಇಲ್ಲದ" ಅತಿಥಿಯ ಉದ್ದನೆಯ ಪರಿಚಯ. ಅಷ್ಟು ಹೊತ್ತಿಗೆ ಚಾಟ್ ಪೆಟ್ಟಿಗೆಯಲ್ಲಿ ಹೆಸರು, ಹುದ್ದೆ, ಕಾಲೇಜಿನ ಹೆಸರುಗಳ ಸಾಲು. ನಡುವೆ ಯಾರೋ "ಫೀಡ್‌ಬ್ಯಾಕ್ ಲಿಂಕ್ ಯಾವಾಗ ಹಾಕ್ತೀರಿ?" ಅಂತ ಕೇಳುತ್ತಾರೆ. ಆ ಲಿಂಕ್ ತುಂಬಿದರೆ ಇ-ಪ್ರಮಾಣಪತ್ರ. 2020ರಲ್ಲಿ ವೆಬಿನಾರ್‌ಗಳ ಪ್ರವಾಹ ಹರಿದಾಗ ಎಷ್ಟೋ ಮಂದಿ ಬಂದದ್ದು ಆ ಪತ್ರಕ್ಕಾಗಿಯೇ. ಅವರನ್ನು ಬೈಯಲು ಮನಸ್ಸಾಗುವುದಿಲ್ಲ, ನೌಕರಿಯ ಕಡತಕ್ಕೆ ಕಾಗದ ಬೇಕಿರುತ್ತದೆ. ಆದರೆ ಕಾಗದಕ್ಕಾಗಿ ಬಂದವರು ಕೇಳುಗರಾಗುವುದು ಕಷ್ಟ.

ಕೊನೆಗೂ ಉಪನ್ಯಾಸ ಶುರುವಾಗುತ್ತದೆ. ಚೆನ್ನಾಗಿಯೇ ಇರುತ್ತದೆ. ಅದು ಮುಗಿದ ಮೇಲೆ ಅಧ್ಯಕ್ಷೀಯ ನುಡಿ, ಅಂದರೆ ಈಗ ತಾನೇ ಕೇಳಿದ ಉಪನ್ಯಾಸವನ್ನೇ ಇನ್ನೊಬ್ಬರ ಬಾಯಲ್ಲಿ ಮತ್ತೊಮ್ಮೆ ಕೇಳುವುದು. ನಂತರ "ಸಮಯದ ಅಭಾವದಿಂದ ಪ್ರಶ್ನೋತ್ತರವನ್ನು ಕೈಬಿಡಲಾಗಿದೆ" ಎಂಬ ಪ್ರಕಟಣೆ. ಕೊನೆಗೆ ವಂದನಾರ್ಪಣೆ. ಅದಕ್ಕೆ ಮಾತ್ರ ಸಮಯದ ಅಭಾವ ಯಾವತ್ತೂ ಆಗಿದ್ದಿಲ್ಲ.

ಅಮೆರಿಕದ ಕಡೆ ಬನ್ನಿ. ಇಲ್ಲೂ ವಿಧಿವಿಧಾನ ಇಲ್ಲದೇ ಇಲ್ಲ. ಅನೇಕ ವಿಶ್ವವಿದ್ಯಾಲಯಗಳಲ್ಲಿ ಮೊದಲಿಗೆ, ನಾವು ಕೂತಿರುವ ಈ ನೆಲ ಇಂತಿಂಥ ಮೂಲನಿವಾಸಿಗಳದ್ದು ಅಂತ ಒಂದು ಹೇಳಿಕೆ ಓದುತ್ತಾರೆ. ನಮ್ಮ ಪ್ರಾರ್ಥನೆಯಷ್ಟೇ ಯಾಂತ್ರಿಕವಾಗಿ ಕೆಲವರು ಅದನ್ನು ಓದಿ ಮುಗಿಸುವುದನ್ನೂ ಕೇಳಿದ್ದೇನೆ. ಆಮೇಲೆ ಸಹ ಪ್ರಾಯೋಜಕ ವಿಭಾಗಗಳ ಪಟ್ಟಿ: ಇತಿಹಾಸ, ಇಂಗ್ಲಿಷ್, ತೌಲನಿಕ ಸಾಹಿತ್ಯ, ದಕ್ಷಿಣ ಏಷ್ಯಾ ಅಧ್ಯಯನ, ಗ್ರಂಥಾಲಯ. ಭಾಷಣಕಾರರ ಪರಿಚಯವನ್ನು ಅವರ ಪುಸ್ತಕದ ಹಿಂಬದಿಯಿಂದ ಎತ್ತಿ ಓದುತ್ತಾರೆ. ಆದರೆ ಇದೆಲ್ಲವನ್ನೂ ಒಬ್ಬರೇ ಮಾಡುತ್ತಾರೆ, ನಾಲ್ಕೈದು ನಿಮಿಷದಲ್ಲಿ ಮುಗಿಯುತ್ತದೆ. ಉಪನ್ಯಾಸವಾದರೆ ಸುಮಾರು 40 ನಿಮಿಷ, ಲೇಖಕರ ಓದಾದರೆ ಅರ್ಧ ಗಂಟೆಯೂ ಇಲ್ಲ. ಉಳಿದದ್ದು ಕೇಳುಗರದ್ದು. ಒಂದು ಗಂಟೆ ಆಯಿತೋ, ಬಾಗಿಲು ಮುಚ್ಚಿತು.

ಈ ಅಳತೆಗೆ ಕಾರಣವಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೈಲೆನ್ಸನ್ 2021ರಲ್ಲಿ ವೀಡಿಯೊ ಕರೆಗಳಿಂದ ಆಗುವ ದಣಿವಿನ ಬಗ್ಗೆ ಒಂದು ಲೇಖನ ಬರೆದರು. ನಾಲ್ಕು ಕಾರಣ ಕೊಟ್ಟರು. ಮುಖಗಳು ತೀರಾ ಹತ್ತಿರದಿಂದ ಎವೆಯಿಕ್ಕದೆ ನೋಡುತ್ತಿರುವಂತೆ ಇರುತ್ತವೆ. ನಮ್ಮ ಮುಖವೇ ನಮಗೆ ಕನ್ನಡಿಯಲ್ಲಿ ಕಂಡ ಹಾಗೆ ಕಾಣುತ್ತಲೇ ಇರುತ್ತದೆ. ಕ್ಯಾಮೆರಾ ಚೌಕಟ್ಟು ಬಿಟ್ಟು ಅಲುಗಾಡುವಂತಿಲ್ಲ. ಇನ್ನು ಎದುರಿಗಿದ್ದಾಗ ತನ್ನಷ್ಟಕ್ಕೆ ಅರ್ಥವಾಗುವ ತಲೆಯಾಡಿಸುವಿಕೆ, ಹುಬ್ಬೇರಿಸುವಿಕೆಗಳನ್ನು ಇಲ್ಲಿ ಕಷ್ಟಪಟ್ಟು ತೋರಿಸಬೇಕು, ಕಷ್ಟಪಟ್ಟು ಹಿಡಿಯಬೇಕು. ಸಭಾಂಗಣದಲ್ಲಿ ಎರಡೂವರೆ ಗಂಟೆ ಕೂರಬಹುದು. ಪಕ್ಕದವರ ಹತ್ತಿರ ಪಿಸುಗುಟ್ಟಬಹುದು, ಗೋಡೆ ಮೇಲಿನ ಫೋಟೊ ನೋಡಬಹುದು, ಸುಮ್ನೆ ಎದ್ದು ಹೊರಗೆ ಹೋಗಿ ಬರಬಹುದು. ತೆರೆಯ ಮುಂದೆ ಆ ಬಿಡುವು ಇಲ್ಲ. ಎಂಟು ಜನ ಸರದಿಯಲ್ಲಿ ಮೈಕ್ ಹಿಡಿಯುವ ಕ್ರಮ ಹುಟ್ಟಿದ್ದು ಸಭಾಂಗಣದಲ್ಲಿ. ಅಲ್ಲಿ ಅದಕ್ಕೊಂದು ಅರ್ಥವೂ ಇದೆ. ದೂರದಿಂದ ಬಂದವರಿಗೆ, ದುಡ್ಡು ಕೊಟ್ಟವರಿಗೆ, ಕುರ್ಚಿ ಹಾಕಿಸಿದವರಿಗೆ ಎಲ್ಲರೆದುರು ಗೌರವ ಸಲ್ಲಬೇಕು. ಕುರ್ಚಿಯೇ ಇಲ್ಲದ ಕಡೆ ಅದನ್ನು ಯಾಕೆ ಎಳೆದುಕೊಂಡು ಬಂದೆವು?

ಲೇಖಕರ ಓದಿನ ವಿಷಯಕ್ಕೆ ಬಂದರೆ ವ್ಯತ್ಯಾಸ ಇನ್ನೂ ಜಾಸ್ತಿ. ನಮ್ಮ ಪುಸ್ತಕ ಬಿಡುಗಡೆಯಲ್ಲಿ ಪುಸ್ತಕದ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಪುಸ್ತಕವನ್ನು ಯಾರೂ ಓದುವುದಿಲ್ಲ. ಬಣ್ಣದ ಕಾಗದ ಬಿಚ್ಚಿ, ಎಲ್ಲರೂ ಒಂದೊಂದು ಪ್ರತಿ ಎದೆಯ ಮಟ್ಟಕ್ಕೆ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಾರೆ. ಬಿಡುಗಡೆ ಮಾಡಿದವರು ತಾವು ಲೇಖಕರನ್ನು ಮೊದಲು ಭೇಟಿಯಾದ ಕಥೆ ಹೇಳುತ್ತಾರೆ. ಪುಸ್ತಕ ಪರಿಚಯ ಮಾಡುವವರು ಅಧ್ಯಾಯವಾರು ಸಾರಾಂಶ ಕೊಡುತ್ತಾರೆ. ಲೇಖಕರಿಗೆ ಕೊನೆಯಲ್ಲಿ ಐದು ನಿಮಿಷ, ಅದೂ ಕೃತಜ್ಞತೆ ಹೇಳುವುದಕ್ಕೆ. ಒಂದು ಪುಟ, ಬೇಡ, ಒಂದು ಪ್ಯಾರಾ ಅವರದೇ ದನಿಯಲ್ಲಿ ಕೇಳೋಣ ಅಂದರೆ ಸಿಗುವುದಿಲ್ಲ. ಕವಿಗೋಷ್ಠಿಯಲ್ಲಿ ಓದುತ್ತಾರೆ, ನಿಜ. ಆದರೆ ಅಲ್ಲಿ ಪಟ್ಟಿ ಎಷ್ಟು ಉದ್ದ ಇರುತ್ತದೆ ಅಂದರೆ ತಲೆಗೊಂದು ಕವಿತೆ ಸಿಕ್ಕರೆ ಪುಣ್ಯ. ಓದಿ ಮುಗಿಸಿದ ಕವಿ ಮುಂದಿನವರ ಕವಿತೆ ಕೇಳದೆ ಹೊರಟುಬಿಡುವುದೂ ಉಂಟು.

ಅಮೆರಿಕದಲ್ಲಿ ಲೇಖಕರು ತಾವೇ ಓದುವುದು ಹಳೆಯ ರೂಢಿ. ಇಂಗ್ಲೆಂಡಿನ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ 1867ರ ಕೊನೆಗೆ ಇಲ್ಲಿಗೆ ಬಂದು ಬಾಸ್ಟನ್, ನ್ಯೂಯಾರ್ಕ್ ಮುಂತಾದ ಊರುಗಳಲ್ಲಿ ತಿಂಗಳುಗಟ್ಟಲೆ ತನ್ನ ಬರಹ ಓದಿದ. ಜನ ಟಿಕೆಟ್ ಕೊಂಡು ಕೇಳಿದರು. ಅವನು ಪುಸ್ತಕವನ್ನು ಇದ್ದ ಹಾಗೆ ಓದುತ್ತಿರಲಿಲ್ಲ. ಓದಿಗೆಂದೇ ಬೇರೆ ಪ್ರತಿ ಮಾಡಿಸಿ, ಕತ್ತರಿಸಿ, ಅಂಚಿನಲ್ಲಿ ಎಲ್ಲಿ ದನಿ ಏರಿಸಬೇಕು, ಎಲ್ಲಿ ಕೈ ಎತ್ತಬೇಕು ಅಂತ ಗುರುತು ಹಾಕಿಕೊಳ್ಳುತ್ತಿದ್ದ. ನ್ಯೂಯಾರ್ಕಿನ 92ನೇ ಬೀದಿಯಲ್ಲಿರುವ ಕವಿತಾ ಕೇಂದ್ರ 1939ರಿಂದ ಓದುಗಳನ್ನು ನಡೆಸುತ್ತಿದೆ. ಇಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಸೃಜನಶೀಲ ಬರವಣಿಗೆಯ ವಿಭಾಗ ಇದ್ದರೆ ಓದಿನ ಸರಣಿಯೂ ಇರುತ್ತದೆ. ಮಾರಿಯ ಹಬ್ಬದಂತೆ ವರ್ಷಕ್ಕೊಮ್ಮೆ ಗದ್ದಲ ಮಾಡಿ ಸುಮ್ಮನಾಗುವುದಿಲ್ಲ, ಸೆಮಿಸ್ಟರ್ ಪೂರ್ತಿ ಒಂದಾದ ಮೇಲೊಂದು ನಡೆಯುತ್ತಿರುತ್ತದೆ.

ಹಾಗಂತ ಇವರ ಓದು ಅದ್ಭುತ ಅಂತ ನಾನು ಹೇಳುವುದಿಲ್ಲ. ಎಷ್ಟೋ ಕವಿಗಳು ಸಾಲಿನ ಕೊನೆಗೆ ದನಿಯನ್ನು ಒಂದೇ ರೀತಿ ಎಳೆದು ನಿಲ್ಲಿಸುತ್ತಾ ಓದುತ್ತಾರೆ. ಐದು ಕವಿತೆ ಆಗುವಷ್ಟರಲ್ಲಿ ಯಾವುದು ಮುಗಿಯಿತು, ಯಾವುದು ಶುರುವಾಯಿತು ತಿಳಿಯುವುದಿಲ್ಲ. ಕೇಳುವವರ ಕೈಯಲ್ಲಿ ಪಠ್ಯವೂ ಇರುವುದಿಲ್ಲ. ಇಲ್ಲಿ ನಮ್ಮ ಗಮಕ ನೆನಪಾಗುತ್ತದೆ. ಗಮಕಿ ಕುಮಾರವ್ಯಾಸನ ಒಂದು ಪದ್ಯವನ್ನು ರಾಗದಲ್ಲಿ, ಪದ ಬಿಡಿಸಿ, ಅರ್ಥಕ್ಕೆ ತಕ್ಕಂತೆ ನಿಲ್ಲಿಸಿ ಓದುತ್ತಾರೆ. ಪಕ್ಕದಲ್ಲಿ ವ್ಯಾಖ್ಯಾನಕಾರರು. ಅವರು ಆ ಪದ್ಯವನ್ನು ಬಿಡಿಸಿ ಹೇಳುತ್ತಾರೆ, ಇನ್ನೊಂದು ಕಡೆಯ ಕಥೆ ತರುತ್ತಾರೆ, ಇವತ್ತಿನ ಮಾತನ್ನೂ ಸೇರಿಸುತ್ತಾರೆ. ಮತ್ತೆ ಮುಂದಿನ ಪದ್ಯ. ಓದು ಒಬ್ಬರದು, ಬಿಡಿಸುವುದು ಇನ್ನೊಬ್ಬರದು, ಎರಡೂ ಹೆಣೆದುಕೊಂಡು ಸಾಗುತ್ತವೆ. ಇಲ್ಲಿನವರು ಈಚೆಗೆ ಲೇಖಕರ ಜೊತೆ ಇನ್ನೊಬ್ಬ ಲೇಖಕರನ್ನು ಕೂರಿಸಿ ಸಂವಾದ ಮಾಡಿಸುತ್ತಾರಲ್ಲ, ಅದು ಇದರ ಹತ್ತಿರ ಬರುತ್ತದೆ. ಆದರೆ ಇವರದ್ದರಲ್ಲಿ ಓದು ಬೇರೆ, ಮಾತು ಬೇರೆ. ಮೊದಲು 20 ನಿಮಿಷ ಓದು, ಆಮೇಲೆ ಹರಟೆ. ಒಂದು ಕವಿತೆ ಓದಿ, ನಿಲ್ಲಿಸಿ, ಅದರ ಒಂದು ಸಾಲನ್ನು ಹಿಡಿದು ಎಳೆದಾಡಿ, ಮತ್ತೆ ಅದೇ ಕವಿತೆಯನ್ನು ಓದುವ ಪದ್ಧತಿಗೆ ಆನ್‌ಲೈನ್ ಹೇಳಿ ಮಾಡಿಸಿದ ಜಾಗ. ಪಠ್ಯವನ್ನು ತೆರೆಯ ಮೇಲೆ ಹಾಕಿದರೆ ಮುಗಿಯಿತು. ಸಭಾಂಗಣದ ಕೊನೇ ಸಾಲಿನವನಿಗೂ ಸಿಗದ ಅನುಕೂಲ ಇದು. ಇಷ್ಟು ಒಳ್ಳೆಯ ಸರಕು ಮನೆಯಲ್ಲಿಟ್ಟುಕೊಂಡು ನಾವು ಅಧ್ಯಕ್ಷೀಯ ನುಡಿಗೆ ಜೋತುಬಿದ್ದಿದ್ದೇವೆ.

ಅನುವಾದದ ಮಾತೂ ಇದಕ್ಕೇ ಸೇರುತ್ತದೆ. 2025ರಲ್ಲಿ ಬಾನು ಮುಷ್ತಾಕ್ ಮತ್ತು ಅವರ ಕಥೆಗಳನ್ನು ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂತು, ಕನ್ನಡಕ್ಕೆ ಮೊದಲ ಸಲ. ಆ ಬಹುಮಾನದ 50,000 ಪೌಂಡುಗಳನ್ನು ಲೇಖಕರಿಗೂ ಅನುವಾದಕರಿಗೂ ಸಮವಾಗಿ ಹಂಚುತ್ತಾರೆ. ಇಲ್ಲಿನ ವಿಶ್ವವಿದ್ಯಾಲಯಗಳ ಆನ್‌ಲೈನ್ ಓದುಗಳಲ್ಲೂ ಅನುವಾದಕರು ಲೇಖಕರ ಜೊತೆಗೇ ಇರುತ್ತಾರೆ. ಮೂಲದಲ್ಲಿ ಅರ್ಧ ಪುಟ, ಇಂಗ್ಲಿಷಿನಲ್ಲಿ ಮೂರು ಪುಟ. ಸ್ಪ್ಯಾನಿಷ್, ಅರಬ್ಬಿ, ಕೊರಿಯನ್ ಲೇಖಕರ ಓದುಗಳನ್ನು ನಾನು ಕೇಳಿದ್ದು ಹೀಗೆ. ಭಾಷೆ ಗೊತ್ತಿಲ್ಲದಿದ್ದರೂ ಮೂಲದ ಆ ಅರ್ಧ ಪುಟಕ್ಕೆ ಕಿವಿ ನಿಗುರುತ್ತದೆ. ವಾಕ್ಯ ಎಷ್ಟು ಉದ್ದ, ಎಲ್ಲಿ ನಗು ಬರುತ್ತದೆ, ಎಲ್ಲಿ ದನಿ ತಗ್ಗುತ್ತದೆ ಅಷ್ಟು ತಿಳಿಯುತ್ತದೆ. ಕನ್ನಡದ ಲೇಖಕರನ್ನು ಕರೆದಾಗ ಕೆಲವೊಮ್ಮೆ ಅವರೇ ಸಂಕೋಚಪಟ್ಟು "ಇಂಗ್ಲಿಷಿನದ್ದೇ ಓದ್ತೀನಿ ಬಿಡಿ" ಅನ್ನುವುದನ್ನು ಕೇಳಿ ನನಗೆ ಕಸಿವಿಸಿಯಾಗಿದೆ. ಕನ್ನಡದಲ್ಲಿ ಓದಿ ಸ್ವಾಮಿ, ಅದಕ್ಕೇ ಅಲ್ವಾ ಅವರು ಕರೆದದ್ದು.

ಇನ್ನು ಅಡಿಬರಹ. ಇಲ್ಲಿ ಯಾವ ವಿಶ್ವವಿದ್ಯಾಲಯದ ಆನ್‌ಲೈನ್ ಉಪನ್ಯಾಸಕ್ಕೆ ಹೋದರೂ ಆಡುವ ಮಾತು ಕೆಳಗೆ ಅಕ್ಷರವಾಗಿ ಹರಿಯುತ್ತಿರುತ್ತದೆ. ಕೆಲವು ಕಡೆ ಯಂತ್ರ, ಕೆಲವು ಕಡೆ ನುರಿತ ಮನುಷ್ಯರೇ ಕೂತು ಟೈಪ್ ಮಾಡುತ್ತಾರೆ. ನೋಂದಣಿ ಮಾಡುವಾಗಲೇ "ನಿಮಗೆ ಯಾವ ಅನುಕೂಲ ಬೇಕು?" ಅಂತ ಕೇಳುತ್ತಾರೆ. ಇದು ಬರೀ ಒಳ್ಳೆಯತನದಿಂದ ಬಂದದ್ದು ಅಂದುಕೊಳ್ಳಬೇಡಿ. ಕಾನೂನಿನ ಏಟು ಬಿದ್ದು ಬಂದದ್ದು. ಅಡಿಬರಹ ಸರಿಯಾಗಿಲ್ಲ ಅಂತ ಇಲ್ಲಿನ ರಾಷ್ಟ್ರೀಯ ಕಿವುಡರ ಸಂಘ 2015ರಲ್ಲಿ ಹಾರ್ವರ್ಡ್ ಮತ್ತು ಎಂಐಟಿಗಳ ಮೇಲೆ ದಾವೆ ಹೂಡಿತು. ಹಾರ್ವರ್ಡ್ 2019ರಲ್ಲಿ, ಎಂಐಟಿ 2020ರಲ್ಲಿ ರಾಜಿಗೆ ಬಂದವು. ಕ್ಯಾಲಿಫೋರ್ನಿಯಾದ ಬರ್ಕಲಿ ವಿಶ್ವವಿದ್ಯಾಲಯದ ಕಥೆ ಇದಕ್ಕೆ ಉಲ್ಟಾ. ಅವರ ಪುಕ್ಕಟೆ ಆನ್‌ಲೈನ್ ಪಾಠಗಳು ಅಂಗವಿಕಲರಿಗೆ ನಿಲುಕುವಂತಿಲ್ಲ ಅಂತ ಕೇಂದ್ರದ ನ್ಯಾಯ ಇಲಾಖೆ 2016ರಲ್ಲಿ ಹೇಳಿದಾಗ, ಸರಿಪಡಿಸುವ ಖರ್ಚು ಜಾಸ್ತಿ ಅಂತ 2017ರಲ್ಲಿ ಅವರು 20,000ಕ್ಕೂ ಹೆಚ್ಚು ವೀಡಿಯೊ, ಆಡಿಯೊಗಳನ್ನು ಸಾರ್ವಜನಿಕರಿಂದ ಮರೆಮಾಡಿಬಿಟ್ಟರು. ಕಿವುಡರಿಗೆ ಸಿಗದ್ದು ಯಾರಿಗೂ ಬೇಡ ಅನ್ನುವ ಹಾಗಾಯಿತು. ನನಗೆ ಆ ತೀರ್ಮಾನ ಈಗಲೂ ಒಪ್ಪಿಗೆಯಿಲ್ಲ. ಆದರೆ ಕೇಳಲಾಗದವರೂ ನಮ್ಮ ಶ್ರೋತೃಗಳೇ ಅನ್ನುವ ಎಚ್ಚರ ಇಲ್ಲಿ ಹುಟ್ಟಿದ್ದು ಇಂಥ ಜಗಳಗಳಿಂದಲೇ.

ನಮ್ಮ ಕಡೆ ಈ ಎಚ್ಚರ ಇನ್ನೂ ಹುಟ್ಟಿಲ್ಲ. ಕನ್ನಡ ಅಡಿಬರಹ ಇರುವ ಸಾಹಿತ್ಯ ಉಪನ್ಯಾಸ ನನ್ನ ಕಣ್ಣಿಗೆ ಬಿದ್ದದ್ದು ತೀರಾ ಅಪರೂಪ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೂ ಅದು ಬೇಕು. ಅವರಿಗೆ ಮನೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ವೇದಿಕೆಯ ಕನ್ನಡದ ವೇಗಕ್ಕೆ ತಡವರಿಸುತ್ತಾರೆ. ಅಕ್ಷರ ಕಣ್ಣಿಗೆ ಕಂಡರೆ ಹಿಡಿದುಕೊಳ್ಳುತ್ತಾರೆ. ಇಂಗ್ಲಿಷ್ ಅಡಿಬರಹದ ಯಂತ್ರಕ್ಕೆ ನಮ್ಮ ಹೆಸರುಗಳನ್ನು ಬಿಟ್ಟರೆ ಏನಾಗುತ್ತದೆ ಅನ್ನುವುದಂತೂ ಬೇರೆಯೇ ತಮಾಷೆ. ಶರಣ ಚಳವಳಿಯ ಬಗ್ಗೆ ಒಂದು ಗಂಭೀರ ಉಪನ್ಯಾಸದಲ್ಲಿ ಕಲ್ಯಾಣ ಪ್ರತಿ ಸಲವೂ ಕ್ಯಾಲಿಫೋರ್ನಿಯಾ ಆಗುತ್ತಿತ್ತು.

ಮುಗಿದ ಮೇಲೆ ಆ ಓದು ಎಲ್ಲಿ ಹೋಗುತ್ತದೆ? ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಪೆನ್‌ಸೌಂಡ್ ಅನ್ನುವ ಕವಿತಾ ಧ್ವನಿ ಸಂಗ್ರಹ ಇದೆ. ಅದಕ್ಕಾಗಿ ಕವಿ ಚಾರ್ಲ್ಸ್ ಬರ್ನ್‌ಸ್ಟೀನ್ 2003ರಲ್ಲೇ ಕೆಲವು ನಿಯಮ ಬರೆದಿಟ್ಟರು. ಧ್ವನಿ ಪುಕ್ಕಟೆ ಸಿಗಬೇಕು, ಇಳಿಸಿಕೊಳ್ಳುವಂತಿರಬೇಕು. ಒಂದೊಂದು ಕವಿತೆಗೂ ಒಂದೊಂದು ಕಡತ ಇರಬೇಕು. ಕಡತದ ಹೆಸರಿನಲ್ಲೇ ಕವಿಯ ಹೆಸರು, ಕವಿತೆಯ ಹೆಸರು, ಜಾಗ, ದಿನಾಂಕ ಇರಬೇಕು. ಎಷ್ಟು ಸರಳ! ನಮ್ಮ ಕಡೆ ಮೂರು ಗಂಟೆಯ ಯೂಟ್ಯೂಬ್ ವೀಡಿಯೊ, ಹೆಸರು 'ನೇರ ಪ್ರಸಾರ'. ಮೊದಲ ಹತ್ತು ನಿಮಿಷ ಖಾಲಿ ವೇದಿಕೆ, ಫ್ಯಾನಿನ ಸದ್ದು, ಮೈಕ್ ಟೆಸ್ಟಿಂಗ್. ಹಿರಿಯ ಕವಿಯೊಬ್ಬರು ಅದರಲ್ಲಿ ಎಲ್ಲೋ ನಾಲ್ಕು ನಿಮಿಷ ಅದ್ಭುತವಾಗಿ ಓದಿರುತ್ತಾರೆ. ಅವರ ಹೆಸರು ಹಾಕಿ ಹುಡುಕಿದರೆ ಆ ವೀಡಿಯೊ ಸಿಗುವುದಿಲ್ಲ. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನ ದೆಹಲಿ ಕಚೇರಿ 2000ದಲ್ಲಿ ದಕ್ಷಿಣ ಏಷ್ಯಾದ ಲೇಖಕರ ಓದುಗಳನ್ನು ಧ್ವನಿಮುದ್ರಿಸಲು ಶುರು ಮಾಡಿತು. ಕನ್ನಡದವರೂ ಅದರಲ್ಲಿದ್ದಾರೆ. ನಮ್ಮ ಲೇಖಕರ ದನಿಯನ್ನು ಹೆಸರು ಹಚ್ಚಿ ಒಪ್ಪವಾಗಿಡಲು ಅಮೆರಿಕದ ಗ್ರಂಥಾಲಯವೇ ಬರಬೇಕಾಯಿತೇ ಅಂತ ಹೊಟ್ಟೆಕಿಚ್ಚಿನ ಜೊತೆ ನಾಚಿಕೆಯೂ ಆಗುತ್ತದೆ.

ಇಷ್ಟು ಹೇಳಿದ ಮೇಲೆ ಇಲ್ಲಿನ ಪದ್ಧತಿಯಲ್ಲಿ ನನಗೆ ಆಗದೇ ಇರುವುದನ್ನೂ ಹೇಳಬೇಕು. 2020ರ ಮಾರ್ಚ್ ಹೊತ್ತಿಗೆ ಜೂಮ್ ಸಭೆಗಳಿಗೆ ಕಿಡಿಗೇಡಿಗಳು ನುಗ್ಗಿ ಹೊಲಸು ಚಿತ್ರ ತೋರಿಸುವುದು, ಬೈಯುವುದು ವಿಪರೀತವಾಯಿತು. ಎಫ್‌ಬಿಐ ಕೂಡ ಎಚ್ಚರಿಕೆ ಕೊಟ್ಟಿತು. ಅಲ್ಲಿಂದ ಅನೇಕ ವಿಶ್ವವಿದ್ಯಾಲಯಗಳು ಬಾಗಿಲು ಬಿಗಿ ಮಾಡಿದವು. ಈಗ ಹೆಚ್ಚಿನವು ವೆಬಿನಾರ್ ಮಾದರಿಯವು. ಮಾತಾಡುವವರ ಮುಖ ಮಾತ್ರ ಕಾಣುತ್ತದೆ. ಜೊತೆಗೆ ಕೇಳುತ್ತಿರುವವರು ಯಾರು, ಎಷ್ಟು ಜನ ಅನ್ನುವುದೂ ಗೊತ್ತಾಗುವುದಿಲ್ಲ. ಪ್ರಶ್ನೆಯನ್ನು ಪೆಟ್ಟಿಗೆಯಲ್ಲಿ ಟೈಪ್ ಮಾಡಬೇಕು. ನಡೆಸುವವರು ಅದರಲ್ಲಿ ಮೂರು ನಾಲ್ಕನ್ನು ಆರಿಸಿ, ಮೂಲೆಗಳನ್ನು ಉಜ್ಜಿ ನುಣುಪು ಮಾಡಿ ಓದುತ್ತಾರೆ. ಕೇಳಿದವರು ಮತ್ತೆ ಬಾಯಿ ಹಾಕುವಂತಿಲ್ಲ. ಭಾಷಣಕಾರರು ಜಾರಿಕೊಂಡರೂ "ಅಲ್ಲ, ನಾನು ಕೇಳಿದ್ದು ಬೇರೆ" ಅನ್ನಲು ದಾರಿಯಿಲ್ಲ. ಗಂಟೆ ಮುಗಿದ ತಕ್ಷಣ ತೆರೆ ಕಪ್ಪಾಗುತ್ತದೆ, ಸಭೆ ಮುಗಿಸಲಾಗಿದೆ ಎಂಬ ಒಂದು ಸಾಲು ಬರುತ್ತದೆ. ಯಾರ ಜೊತೆಗೂ ಒಂದು ಮಾತಿಲ್ಲ.

ಇದರಲ್ಲಿ ನಮ್ಮವರು ಎಷ್ಟೋ ಮೇಲು. ವಂದನಾರ್ಪಣೆ ಆದ ಮೇಲೂ ಯಾರೂ ಹೋಗುವುದಿಲ್ಲ. ಎಲ್ಲರೂ ಒಟ್ಟಿಗೇ ಮೈಕ್ ಬಿಚ್ಚುತ್ತಾರೆ. "ಸರ್, ನಮಸ್ಕಾರ, ನಾನು ನಿಮ್ಮ ಹಳೇ ವಿದ್ಯಾರ್ಥಿ, ಈಗ ಪಿಯು ಕಾಲೇಜಲ್ಲಿ ಕನ್ನಡ ಲೆಕ್ಚರರ್", "ಓ, ನೀನೇನಪ್ಪಾ! ತಲೆ ಕೂದಲೆಲ್ಲ ಎಲ್ಲಿ ಹೋಯ್ತು?", "ಮೇಡಂ, ಆ ಪಾಠಾಂತರದ ಬಗ್ಗೆ ಹೇಳಿದ್ರಲ್ಲ, ಆ ಪುಸ್ತಕ ಎಲ್ಲಿ ಸಿಗುತ್ತೆ?". ನಿಜವಾದ ಪ್ರಶ್ನೋತ್ತರ ನಡೆಯುವುದು ಆಗಲೇ. ಒಬ್ಬ ಸಂಶೋಧನಾ ವಿದ್ಯಾರ್ಥಿನಿ ತನ್ನ ಊರಿನ ಶಾಸನದ ಫೋಟೊ ತೋರಿಸಿ, ಅಷ್ಟು ಹೊತ್ತು ಮಾತಾಡಿದ್ದ ವಿದ್ವಾಂಸರು ಕನ್ನಡಕ ಮೇಲೇರಿಸಿ ತೆರೆಗೆ ಮೂಗು ತಾಗಿಸಿ ಅಕ್ಷರ ಓದಲು ಹೊರಟದ್ದನ್ನು ನಾನು ನೋಡಿದ್ದೇನೆ. ಒಂದೂವರೆ ಗಂಟೆಯ ಭಾಷಣಕ್ಕಿಂತ ಆ ಹತ್ತು ನಿಮಿಷ ನನಗೆ ಮನದಟ್ಟಾಯಿತು. ಆದರೆ ಅಷ್ಟರಲ್ಲಿ ರೆಕಾರ್ಡಿಂಗ್ ನಿಲ್ಲಿಸಿರುತ್ತಾರೆ, ಮುಕ್ಕಾಲು ಪಾಲು ಜನ ಹೋಗಿರುತ್ತಾರೆ.

ಕಾಣದ ಕೇಳುಗರಿಗೆ ಮಾತಾಡುವುದು ನಮಗೆ ಹೊಸತೂ ಅಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಶುರು ಮಾಡಿ ಆಕಾಶವಾಣಿ ಅಂತ ಕರೆದರು. ವಿಶ್ವವಿದ್ಯಾಲಯದ ಮೇಷ್ಟ್ರೊಬ್ಬರ ಮನೆಯಿಂದ ಊರಿಗೆಲ್ಲ ಮಾತು ಕೇಳಿಸಿದ್ದು! ಮುಂದೆ ರೇಡಿಯೊ ಭಾಷಣಕ್ಕೆ ಒಂದು ಶಿಸ್ತು ಬೆಳೆಯಿತು. ಮೊದಲೇ ಬರೆದು ತರಬೇಕು, ಕೊಟ್ಟ ಹತ್ತು ಹದಿನೈದು ನಿಮಿಷದಲ್ಲಿ ಮುಗಿಸಬೇಕು, ಕೇಳುವವನು ಮನೆಯಲ್ಲಿ ಒಬ್ಬನೇ ಕೂತಿದ್ದಾನೆ ಅನ್ನುವ ಹಾಗೆ ಮಾತಾಡಬೇಕು. ವೇದಿಕೆಯ ಮೇಲೆ ಗಂಟೆಗಟ್ಟಲೆ ಮಾತಾಡುತ್ತಿದ್ದವರೂ ಸ್ಟುಡಿಯೊದ ಕೆಂಪು ದೀಪಕ್ಕೆ ಬಗ್ಗುತ್ತಿದ್ದರು. ಅದೇ 1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾಲಯದ ಅಧ್ಯಾಪಕರು ಹಳ್ಳಿ, ಪಟ್ಟಣಗಳಿಗೆ ಹೋಗಿ ಪ್ರಚಾರೋಪನ್ಯಾಸ ಕೊಡುತ್ತಿದ್ದರು. ಆ ಉಪನ್ಯಾಸಗಳು ಅಗ್ಗದ ಪುಟ್ಟ ಪುಸ್ತಕಗಳಾಗಿಯೂ ಬರುತ್ತಿದ್ದವು. 1956ರಿಂದ 1960ರವರೆಗೆ ಕುಲಪತಿಯಾಗಿದ್ದ ಕುವೆಂಪು, ಬೋಧನೆ ಮತ್ತು ಸಂಶೋಧನೆಯಷ್ಟೇ ಪ್ರಸಾರವೂ ವಿಶ್ವವಿದ್ಯಾಲಯದ ಕೆಲಸ ಅಂತ ಪ್ರಸಾರಾಂಗಕ್ಕೆ, ಅಂದರೆ ಪುಸ್ತಕ ಪ್ರಕಟಿಸಿ ಜನರಿಗೆ ಮುಟ್ಟಿಸುವ ವಿಭಾಗಕ್ಕೆ, ಜಾಗ ಮಾಡಿಕೊಟ್ಟರು. ಅಮೆರಿಕದ ವಿಶ್ವವಿದ್ಯಾಲಯಗಳು ಈಗ ಸಾರ್ವಜನಿಕ ಮಾನವಿಕ ಅಂತ ದೊಡ್ಡ ಹೆಸರಿಟ್ಟು ಮಾಡುವ ಕೆಲಸ ಹೆಚ್ಚು ಕಡಿಮೆ ಇದೇ.

ಇಲ್ಲಿ ಆ ಕೆಲಸಕ್ಕೆ ಈಗ ಸಂಕಟವೂ ಬಂದಿದೆ. 1965ರ ಕಾಯ್ದೆಯಿಂದ ಹುಟ್ಟಿದ ರಾಷ್ಟ್ರೀಯ ಮಾನವಿಕ ನಿಧಿ ಇಲ್ಲಿನ ಪ್ರತಿ ರಾಜ್ಯದ ಮಾನವಿಕ ಮಂಡಳಿಗೆ ಹಣ ಕೊಡುತ್ತಿತ್ತು. 2025ರ ಏಪ್ರಿಲ್‌ನಲ್ಲಿ ಸರ್ಕಾರ ಆ ಅನುದಾನಗಳನ್ನು ಏಕಾಏಕಿ ನಿಲ್ಲಿಸಿತು. ಮೆಲನ್ ಫೌಂಡೇಶನ್ ಅನ್ನುವ ಖಾಸಗಿ ದತ್ತಿ ಸಂಸ್ಥೆ ತುರ್ತಾಗಿ 1.5 ಕೋಟಿ ಡಾಲರ್ ಕೊಟ್ಟು ಮಂಡಳಿಗಳಿಗೆ ಉಸಿರು ತುಂಬಬೇಕಾಯಿತು. ವಿಮಾನದ ಟಿಕೆಟ್, ಹೋಟೆಲ್ ಇಲ್ಲದ ಆನ್‌ಲೈನ್ ಓದು ಇಂಥ ಹೊತ್ತಿನಲ್ಲಿ ಅಗ್ಗ ಅನಿಸುತ್ತದೆ. ಆದರೆ ಅಗ್ಗ ಅಂದರೆ ಪುಕ್ಕಟೆ ಅಂತಲ್ಲ. ಅಡಿಬರಹಕ್ಕೆ, ಸಂಕಲನಕ್ಕೆ, ಲೇಖಕರ ಸಂಭಾವನೆಗೆ ಯಾರಾದರೂ ಕೈ ಬಿಚ್ಚಲೇಬೇಕು.

ಹಾಗಾಗಿ ಕರ್ನಾಟಕದ ಯಾವುದಾದರೂ ಒಂದು ಕನ್ನಡ ವಿಭಾಗ ಹೊರನಾಡಿನವರನ್ನೂ ಸೇರಿಸಿಕೊಂಡು ತಿಂಗಳಿಗೊಂದು ಓದು ನಡೆಸಲಿ ಅನ್ನುವುದು ನನ್ನ ಆಸೆ. ಸಮಯ ಅಲ್ಲಿ ರಾತ್ರಿ 8.30. ಅಮೆರಿಕದ ಪೂರ್ವ ತೀರದಲ್ಲಿ ಆಗ ಬೆಳಗ್ಗೆ 11, ನವೆಂಬರ್ ಮೊದಲ ಭಾನುವಾರ ಇಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ 10. ಶನಿವಾರ ಇಟ್ಟುಕೊಂಡರೆ ಎರಡೂ ಕಡೆಯವರು ಸಮಾಧಾನವಾಗಿ ಕೂರಬಹುದು. ಲೇಖಕರೊಬ್ಬರು, ಬಿಡಿಸಿ ಮಾತಾಡುವವರೊಬ್ಬರು, ನಡೆಸುವವರೊಬ್ಬರು, ಮೂರೇ ಜನ. ಸ್ವಾಗತ, ಪರಿಚಯ ಎರಡೂ ಸೇರಿ ಮೂರು ನಿಮಿಷ. ಪಠ್ಯ ತೆರೆಯ ಮೇಲೆ. ಅರ್ಧ ಗಂಟೆ ಓದು ಮತ್ತು ವ್ಯಾಖ್ಯಾನ, ಅರ್ಧ ಗಂಟೆ ಕೇಳುಗರು ತಾವೇ ಮೈಕ್ ಬಿಚ್ಚಿ ಕೇಳುವ ಪ್ರಶ್ನೆಗಳು. ಅದಾದ ಮೇಲೆ ಇಷ್ಟ ಇದ್ದವರು ಎಷ್ಟು ಹೊತ್ತಾದರೂ ಹರಟಲಿ, ಲಿಂಕ್ ಮುಚ್ಚಬೇಡಿ. ರೆಕಾರ್ಡಿಂಗನ್ನು ಒಂದೊಂದು ಕವಿತೆ, ಒಂದೊಂದು ಕಥೆಯ ಭಾಗವಾಗಿ ಕತ್ತರಿಸಿ, ಹೆಸರು, ದಿನಾಂಕ ಹಚ್ಚಿ, ಕನ್ನಡ ಅಡಿಬರಹ ಸೇರಿಸಿ ಹಾಕಿ. ಪ್ರಕಾಶಕರ ಒಪ್ಪಿಗೆಯನ್ನು ಮೊದಲೇ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಅಡಿಬರಹದ ಕೆಲಸಕ್ಕೆ ಎಂ.ಎ. ವಿದ್ಯಾರ್ಥಿಗಳಿಗಿಂತ ಒಳ್ಳೆಯವರು ಸಿಗುವುದಿಲ್ಲ, ಕೇಳಿ ಕೇಳಿ ಟೈಪ್ ಮಾಡುವಾಗ ಕವಿತೆ ಅವರಿಗೇ ಬಾಯಿಪಾಠವಾಗುತ್ತದೆ. ಅದಕ್ಕೆ ಅವರಿಗೆ ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಡಿ. ಆ ಖರ್ಚನ್ನು ಹೊರಲು ಹೊರನಾಡಿನ ಕನ್ನಡ ಸಂಘಗಳನ್ನು ಕೇಳಿ ನೋಡಿ. ಕೊಡುವವರು ಇದ್ದಾರೆ, ಆದರೆ ಅವರ ಹೆಸರನ್ನು ವೀಡಿಯೊದ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಹಾಕಿದರೆ ಸಾಕು, ಎರಡು ಮಾತಾಡಲು ಕರೆಯಬೇಡಿ.